ಮಿಷನ್ ನಿಲ್ಲಿಸಿ, ಆಮೇಲೆ ಕೈ ಹಾಕಿ

ದೀಪಾವಳಿ ಆಸುಪಾಸಿನಲ್ಲಿ ಹನೂರಿನಿಂದ ಕೌದಳ್ಳಿ, ಮಾರ್ಟಳ್ಳಿ ಕಡೆಗೆ ಹೊರಟರೆ ರಸ್ತೆಯ ಅರ್ಧಪಾಲು ಮುಸುಕಿನ ಜೋಳದ್ದು. ಒಂದು ಮಗ್ಗುಲಲ್ಲಿ ಕಾಳು ಹರವಿರುತ್ತಾರೆ, ಉಳಿದ ಜಾಗದಲ್ಲಿ ಬಸ್ಸು ನುಸುಳಬೇಕು. ಹೊಲದಂಚಿನಲ್ಲಿ ಟ್ರ್ಯಾಕ್ಟರಿಗೆ ಕಟ್ಟಿದ ಜೋಳದ ಮಿಷನ್ ಒಂದು ಕಡೆ ಕಾಳು ಸುರಿಸುತ್ತ, ಇನ್ನೊಂದು ಕಡೆ ಬೆಂಡು, ಸಿಪ್ಪೆ ಉಗುಳುತ್ತ ನಿಂತಿರುತ್ತದೆ. ಬಾಡಿಗೆ ಮಿಷನ್ ಆದ್ದರಿಂದ ನಿಂತಷ್ಟು ಹೊತ್ತೂ ದುಡ್ಡು. ನಾಳೆಗೆ ಅದು ಇನ್ನೊಬ್ಬರ ಹೊಲಕ್ಕೆ ಹೋಗಬೇಕು. ಮಂಕರಿಯಲ್ಲಿ ತೆನೆ ತಂದು ಸುರಿಯುವವರಿಗೂ ಬಾಯಿಗೆ ತಳ್ಳುವವನಿಗೂ ಉಸಿರಾಡಲು ಬಿಡುವಿಲ್ಲ.

ತೆನೆ ಚೆನ್ನಾಗಿ ಒಣಗಿದ್ದರೆ ಮಿಷನ್ ಸದ್ದು ಒಂದೇ ಸಮ ಇರುತ್ತದೆ. ಹಸಿ ತೆನೆ ನಾಲ್ಕು ಒಟ್ಟಿಗೆ ಹೋದರೆ ಸದ್ದು ಭಾರವಾಗುತ್ತದೆ, ಟ್ರ್ಯಾಕ್ಟರ್ ಗೊರಗುಟ್ಟುತ್ತದೆ, ಬಾಯಿ ಕಟ್ಟಿಕೊಳ್ಳುತ್ತದೆ. ಬಾಯಿಗೆ ಕೊಡುತ್ತಿರುವವನಿಗೆ ಇದು ನೋಡದೆಯೇ ತಿಳಿಯುತ್ತದೆ. ಟ್ರ್ಯಾಕ್ಟರ್ ಆಫ್ ಮಾಡಿ ಎಂದು ಕೂಗಿದರೆ ಆ ಗದ್ದಲದಲ್ಲಿ ಡ್ರೈವರಿಗೆ ಕೇಳಿಸಬೇಕು, ಅವನು ಆಫ್ ಮಾಡಬೇಕು, ಡ್ರಮ್ ಪೂರ್ತಿ ನಿಲ್ಲುವವರೆಗೆ ಕಾಯಬೇಕು, ಬಿಡಿಸಿ ಮತ್ತೆ ಶುರು ಮಾಡಬೇಕು. ಕೈಯಲ್ಲಿ ಒಂದು ನೂಕು ನೂಕಿದರೆ ಕ್ಷಣದಲ್ಲಿ ಕೆಲಸ ಮುಗಿಯಿತು. ಹತ್ತರಲ್ಲಿ ಒಂಬತ್ತು ಸಲ ಮುಗಿದೂ ಮುಗಿಯುತ್ತದೆ. ಬೇಡವೆಂದು ಯಾರಾದರೂ ಹೇಳಿದರೆ "ಏನೂ ಆಗಕಿಲ್ಲ ಬುಡಣ್ಣ, ಎಷ್ಟು ವರ್ಸದಿಂದ ಮಾಡ್ತಾ ಇವ್ನಿ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಆ ಮಾತಿನಲ್ಲಿ ಸುಳ್ಳೇನೂ ಇಲ್ಲ. ಅವನಿಗೆ ಅನುಭವ ಇದೆ, ಎಚ್ಚರವೂ ಇದೆ. ಕೈ ಹೋದವರಲ್ಲೂ ಇಂಥ ಅನುಭವಸ್ಥರಿದ್ದಾರೆ. ಹೊಸಬ ಮಿಷನ್ ಹತ್ತಿರವೇ ಸುಳಿಯುವುದಿಲ್ಲ.

ಅದಕ್ಕೇ ಕೈಗಾಯದ ಮಾತು ಬಂದಾಗಲೆಲ್ಲ "ಹುಷಾರಾಗಿರಬೇಕಪ್ಪ" ಎಂದು ಮುಗಿಸಿಬಿಡುವುದು ನನಗೆ ಒಪ್ಪಿಗೆಯಿಲ್ಲ. ಬೆಳಿಗ್ಗೆ ಏಳಕ್ಕೆ ಹುಷಾರಾಗಿದ್ದವನು ಸಂಜೆ ನಾಲ್ಕಕ್ಕೆ ಅಷ್ಟೇ ಹುಷಾರಾಗಿರುತ್ತಾನೆಂದು ನಂಬಿ ಒಂದು ಯಂತ್ರವನ್ನು ರೂಪಿಸಿದ್ದರೆ, ತಪ್ಪು ಯಂತ್ರ ರೂಪಿಸಿದವರದ್ದು.

ಸ್ವಲ್ಪ ಲೆಕ್ಕ ಹಾಕೋಣ. ಅರ್ಧ ಮೀಟರ್ ಅಡ್ಡಳತೆಯ ಒಂದು ಡ್ರಮ್ ನಿಮಿಷಕ್ಕೆ 600 ಸುತ್ತು ತಿರುಗುತ್ತಿದೆ ಎನ್ನಿ. ಅದರ ಅಂಚು ಸೆಕೆಂಡಿಗೆ 15 ಮೀಟರಿಗಿಂತ ಹೆಚ್ಚು ಓಡುತ್ತದೆ. ಏನೋ ಎಡವಟ್ಟಾಯಿತು ಎಂದು ಕಂಡು, ಮಿದುಳು ಹೇಳಿ, ತೋಳು ಹಿಂದಕ್ಕೆ ಬರಲು ಚುರುಕಿನ ಮನುಷ್ಯನಿಗೂ ಕಾಲು ಸೆಕೆಂಡ್ ಬೇಕು. ಅಷ್ಟರಲ್ಲಿ ಡ್ರಮ್ಮಿನ ಹಲ್ಲು ಸುಮಾರು ನಾಲ್ಕು ಮೀಟರ್ ದಾಟಿರುತ್ತದೆ. ಡ್ರಮ್ಮಿಗೂ ಟ್ರ್ಯಾಕ್ಟರಿಗೂ ನಡುವೆ ತಿರುಗುವ ಪಿಟಿಒ ಶಾಫ್ಟಿನ ಕಥೆಯೂ ಇಷ್ಟೇ. ಅದರ ಸಾಮಾನ್ಯ ವೇಗ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ ಒಂಬತ್ತು. ಶಾಫ್ಟಿನ ಸುತ್ತಳತೆ 20 ಸೆಂಟಿಮೀಟರ್ ಇದ್ದರೆ ಸೆಕೆಂಡಿಗೆ 1.8 ಮೀಟರ್ ಬಟ್ಟೆ ಸುತ್ತಿಕೊಳ್ಳುತ್ತದೆ. ಐದೂವರೆ ಮೀಟರಿನ ಸೀರೆ ಮೂರು ಸೆಕೆಂಡಿನ ಮಾತು. ಹೆಗಲ ಟವೆಲ್ಲಿಗೆ, ಪಂಚೆಯ ಚುಂಗಿಗೆ, ತುಂಬುತೋಳಿನ ಅಂಗಿಗೆ ಅಷ್ಟೂ ಬೇಡ. ಈ ಶಾಫ್ಟಿನ ಮೇಲೆ ಪ್ಲಾಸ್ಟಿಕ್ಕಿನ ಒಂದು ಕೊಳವೆ ಹೊದಿಕೆ ಇರಬೇಕು. ಒಳಗೆ ಶಾಫ್ಟ್ ತಿರುಗಿದರೂ ಹೊರಗಿನ ಹೊದಿಕೆ ಸುಮ್ಮನಿರುತ್ತದೆ, ಅದರ ಮೇಲೆ ಸೆರಗು ಬಿದ್ದರೂ ಏನೂ ಆಗುವುದಿಲ್ಲ. ಹೊದಿಕೆ ಒಡೆದ ಮೇಲೆ ಹೊಸದು ಹಾಕಿಸಿದವರು ಅಪರೂಪ. ಟೈರ್ ಸವೆದರೆ ಕೂಡಲೇ ಬದಲಾಯಿಸುತ್ತೇವೆ, ಯಾಕೆಂದರೆ ಟೈರಿಲ್ಲದೆ ಟ್ರ್ಯಾಕ್ಟರ್ ಓಡುವುದಿಲ್ಲ. ಹೊದಿಕೆಯಿಲ್ಲದೆ ಶಾಫ್ಟ್ ಓಡುತ್ತದೆ.

ಹಸಿರು ಕ್ರಾಂತಿಯ ದಿನಗಳಲ್ಲಿ ಪಂಜಾಬ್, ಹರಿಯಾಣ, ಉತ್ತರ ಪ್ರದೇಶದ ಗೋಧಿ ಸೀಮೆಗಳಿಗೆ ಒಕ್ಕಣೆ ಯಂತ್ರಗಳು ಬಂದಾಗ ಅವುಗಳ ಹಿಂದೆಯೇ ಕೈ ಕತ್ತರಿಸಿಕೊಂಡವರ ಸಾಲೂ ಬಂತು. ಅದು ಪಾರ್ಲಿಮೆಂಟಿಗೆ ಮುಟ್ಟಿ 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆ ಎಂಬ ಕಾನೂನೇ ಆಯಿತು. ಇಂಥ ಯಂತ್ರ ತಯಾರಿಸುವವರು ಏನೇನು ಪಾಲಿಸಬೇಕು, ಗಾಯಗೊಂಡವರಿಗೆ ಪರಿಹಾರ ಹೇಗೆ ಎಂದು ಅದರಲ್ಲಿದೆ. ಅದಕ್ಕೂ ಮುಂಚಿನಿಂದಲೇ ಭಾರತೀಯ ಮಾನಕ ಸಂಸ್ಥೆಯ ಒಂದು ಅಳತೆ ಇದೆ. ಒಕ್ಕಣೆ ಯಂತ್ರಕ್ಕೆ ಬೆಳೆ ಕೊಡುವ ದೋಣಿ ಕನಿಷ್ಠ 90 ಸೆಂಟಿಮೀಟರ್ ಉದ್ದ ಇರಬೇಕು, ಡ್ರಮ್ ಕಡೆಯ 45 ಸೆಂಟಿಮೀಟರ್ ಮೇಲ್ಮುಚ್ಚಿರಬೇಕು. ಈ ಅಳತೆಯ ಹಿಂದಿನ ಉಪಾಯ ಸರಳ. ದೊಡ್ಡವರ ತೋಳು ಹೆಗಲಿಂದ ಬೆರಳತುದಿವರೆಗೆ ಮುಕ್ಕಾಲು ಮೀಟರ್ ಆಸುಪಾಸು. ದೋಣಿ ಅದಕ್ಕಿಂತ ಉದ್ದವಿದ್ದರೆ ದೋಣಿಯ ತುದಿಯಲ್ಲಿ ನಿಂತವನು ಮರೆತರೂ, ನಿದ್ದೆಗಣ್ಣಿನಲ್ಲಿದ್ದರೂ, ಎರಡು ಗುಟುಕು ಹಾಕಿ ಬಂದಿದ್ದರೂ ಅವನ ಕೈ ಡ್ರಮ್ಮಿಗೆ ಮುಟ್ಟುವುದಿಲ್ಲ. ಅಪಾಯ ತಡೆಯುವುದೆಂದರೆ ನನ್ನ ಲೆಕ್ಕದಲ್ಲಿ ಇದು. ಬೋರ್ಡಿನ ಮೇಲೆ ಬರೆಯುವ ಬುದ್ಧಿಮಾತು ಇದರ ನಂತರ.

ಬೋರ್ಡಿನ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ಮಾರ್ಟಳ್ಳಿಯ ಹಲವು ಮನೆಗಳಲ್ಲಿ ಮಾತು ತಮಿಳು, ಸಂತೆಯಲ್ಲಿ, ಶಾಲೆಯಲ್ಲಿ, ಕಚೇರಿಯಲ್ಲಿ ಕನ್ನಡ. ಎರಡು ಭಾಷೆ ಬಲ್ಲ ಊರಿಗೆ ಬರುವ ಎಷ್ಟೋ ಯಂತ್ರಗಳ ಮೈಮೇಲೆ ಎಚ್ಚರಿಕೆ ಇರುವುದು ಈ ಎರಡೂ ಅಲ್ಲದ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ!

ದೆಹಲಿ ಐಐಟಿಯಲ್ಲಿದ್ದ ದಿನೇಶ್ ಮೋಹನ್ ರಸ್ತೆ ಅಪಘಾತಗಳ ಅಧ್ಯಯನಕ್ಕೆ ಹೆಸರಾದವರು. ಅವರು ಮತ್ತು ಸಂಗಡಿಗರು ಹರಿಯಾಣದ ಹಳ್ಳಿಗಳಲ್ಲಿ ಕೃಷಿ ಗಾಯಗಳ ಲೆಕ್ಕ ಹಿಡಿಯಲು ಹೊರಟಾಗ ಮೇವು ಕತ್ತರಿಸುವ ಮಿಷನ್ ಕಣ್ಣಿಗೆ ಬಿತ್ತು. ಗಾಯಗೊಂಡವರಲ್ಲಿ ಮಕ್ಕಳೂ ಇದ್ದರು. ದೊಡ್ಡವರು ಕೆಲಸ ಮುಗಿಸಿ ಹೋದ ಮೇಲೆ ಆ ದೊಡ್ಡ ಚಕ್ರ ಮಕ್ಕಳಿಗೆ ಆಟದ ಸಾಮಾನು. ಒಬ್ಬ ತಿರುಗಿಸುತ್ತಾನೆ, ಇನ್ನೊಬ್ಬ ಬಾಯಿಗೆ ಹುಲ್ಲು ಹಿಡಿಯುತ್ತಾನೆ. ಮೋಹನ್ ತಂಡ ಸೂಚಿಸಿದ ಪರಿಹಾರಗಳು ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಆಗುವಂಥವು. ಅಲಗಿಗೆ ಒಂದು ತಡೆ, ಒಳಗೆ ಎಳೆಯುವ ರೋಲರಿಗಿಂತ ಮುಂಚೆ ಕೈಗೆ ತಾಗಿ ಎಚ್ಚರಿಸುವ ಇನ್ನೊಂದು ರೋಲರ್, ಕೆಲಸವಿಲ್ಲದಾಗ ಚಕ್ರ ತಿರುಗದಂತೆ ತೂರಿಸುವ ಒಂದು ಪಿನ್ನು. ಆ ಪಿನ್ನಿಗೆ ಏನು ಮಹಾ ಖರ್ಚು?

ಹನೂರು, ಕೊಳ್ಳೇಗಾಲದ ಕಡೆಯೂ ಹಾಲಿನ ಡೇರಿ ಹೆಚ್ಚಿದಂತೆ ಮೇವಿನ ಮಿಷನ್ ಕೊಟ್ಟಿಗೆಗೆ ಬಂದಿದೆ, ಅದರಲ್ಲೂ ಕರೆಂಟಿನದು. ಹೊಸ ಮಿಷನ್ನಿನಲ್ಲಿ ಅಲಗಿನ ಮೇಲೆ ಮುಚ್ಚಳ ಇರುತ್ತದೆ. ಸ್ವಲ್ಪ ದಿನಕ್ಕೆ ಮುಚ್ಚಳ ಬಿಚ್ಚಿ ಗೋಡೆಗೆ ಒರಗಿಸಿರುತ್ತಾರೆ. ಇದನ್ನು ಕಂಡು ರೈತರನ್ನು ಬೈಯುವುದು ಸುಲಭ. ಆದರೆ ಅಲಗು ಮಸೆಯಲು ಪ್ರತಿ ಸಲ ಆರು ಬೋಲ್ಟ್ ಬಿಚ್ಚಬೇಕಾದ ಮುಚ್ಚಳವನ್ನು ಯಾರು ಮತ್ತೆ ಹಾಕುತ್ತಾರೆ? ಕೀಲಿನ ಮೇಲೆ ಎತ್ತಿ ಇಳಿಸುವಂತೆ ಮಾಡಿದ್ದರೆ, ಎತ್ತಿದ ಕೂಡಲೇ ಮೋಟರು ನಿಲ್ಲುವಂತೆ ಒಂದು ಸ್ವಿಚ್ಚಿಟ್ಟಿದ್ದರೆ ಅದು ತನ್ನ ಜಾಗದಲ್ಲೇ ಇರುತ್ತಿತ್ತು. ಕೆಲಸಕ್ಕೆ ಅಡ್ಡ ಬರುವ ರಕ್ಷಣೆ ಎಲ್ಲಾದರೂ ಬಿಚ್ಚಿಹೋಗುತ್ತದೆ, ಬೆಂಗಳೂರಿನ ಪೀಣ್ಯದ ಪ್ರೆಸ್ ಮಿಷನ್ನಿನಲ್ಲೂ ಅಷ್ಟೆ. ಕೃಷಿ ಯಂತ್ರಗಳಿಗೆ ಸರ್ಕಾರ ಸಾಮಾನ್ಯ ರೈತರಿಗೆ ಅರ್ಧ, ಪರಿಶಿಷ್ಟರಿಗೆ ಶೇ 90ರವರೆಗೆ ಸಬ್ಸಿಡಿ ಕೊಡುತ್ತ ಬಂದಿದೆ. ಯಾವ ಮಿಷನ್ನಿಗೆ ಸಬ್ಸಿಡಿ ಎಂದು ಪಟ್ಟಿ ಮಾಡುವವರು ಮುಚ್ಚಳದ ಕೀಲನ್ನೂ ಆ ಪಿನ್ನನ್ನೂ ಷರತ್ತಿನಲ್ಲಿ ಸೇರಿಸಿದರೆ, ಭಾಷಣ ಮಾಡಿ ಆಗದ್ದು ಆಗುತ್ತದೆ.

ವೇಗದ ಯಂತ್ರಕ್ಕೆ ಜನ ಸ್ವಲ್ಪವಾದರೂ ಹೆದರುತ್ತಾರೆ. ನನಗೆ ಹೆಚ್ಚು ಭಯ ನಿಧಾನದ ಯಂತ್ರದ್ದು. ಕೊಳ್ಳೇಗಾಲ, ಯಳಂದೂರಿನ ನೀರಾವರಿ ಕಡೆಗೆ ಬಂದರೆ ಕಬ್ಬು, ಆಲೆಮನೆ. ಗಾಣದ ರೋಲರುಗಳು ಗಜಗಮನದಲ್ಲಿ ತಿರುಗುತ್ತಿರುತ್ತವೆ. ಒಂದು ಗೇಣಿಗಿಂತ ತುಸು ದಪ್ಪ, ಅಂದರೆ 25 ಸೆಂಟಿಮೀಟರ್ ಅಡ್ಡಳತೆಯ ರೋಲರ್ ನಿಮಿಷಕ್ಕೆ ಹತ್ತು ಸುತ್ತು ತಿರುಗಿದರೆ ಅದರ ಮೇಲ್ಮೈ ಸೆಕೆಂಡಿಗೆ 13 ಸೆಂಟಿಮೀಟರ್ ಚಲಿಸುತ್ತದೆ. ನೋಡಿದವರಿಗೆ ಇದೇನು ಮಾಡೀತು ಅನ್ನಿಸಬೇಕು. ಬೆರಳ ತುದಿ ಸಿಕ್ಕಿದರೆ ಮಣಿಕಟ್ಟಿನವರೆಗೆ ಹೋಗಲು ಒಂದೂವರೆ ಸೆಕೆಂಡ್ ಸಾಕು. ಕಬ್ಬನ್ನೇ ಹಿಂಡಿ ಚಪ್ಪಟೆ ಮಾಡುವ ಹಿಡಿತದಿಂದ ಕೈಯನ್ನು ಎಳೆದುಕೊಳ್ಳುವ ಶಕ್ತಿ ಯಾರಿಗೂ ಇಲ್ಲ. ಕೂಗು ಕೇಳಿ ಎಂಜಿನ್ ಹತ್ತಿರ ಓಡಿ ಆರಿಸಿದರೂ ಅದರ ದಪ್ಪ ಚಕ್ರ ಇನ್ನಷ್ಟು ಸುತ್ತು ತಿರುಗಿಯೇ ನಿಲ್ಲುವುದು. ಅಷ್ಟರಲ್ಲಿ ಮೊಣಕೈ.

ಇದು ಇವತ್ತಿನ ಪಾಡಲ್ಲ. ಕೆರಿಬಿಯನ್ ದ್ವೀಪಗಳ ಸಕ್ಕರೆ ತೋಟಗಳಲ್ಲಿ ಗುಲಾಮರಿಂದ ಗಾಣ ನಡೆಸುತ್ತಿದ್ದ ಕಾಲದಲ್ಲಿ ಗಾಣದ ಪಕ್ಕದಲ್ಲೇ ಒಂದು ಕೊಡಲಿ ಇಡುತ್ತಿದ್ದರು. ಬೆರಳು ಸಿಕ್ಕಿದರೆ ಇಡೀ ಮನುಷ್ಯ ಒಳಹೋಗುವ ಮುಂಚೆ ಕೈ ಕಡಿದುಬಿಡಲು. ಫ್ರೆಂಚ್ ಲೇಖಕ ವಾಲ್ಟೇರ್ 1759ರಲ್ಲಿ ಪ್ರಕಟಿಸಿದ 'ಕ್ಯಾಂಡೀಡ್'ನಲ್ಲಿ ಸುರಿನಾಮಿನ ಇಂಥ ಒಬ್ಬ ಗುಲಾಮ ಬರುತ್ತಾನೆ. ಯೂರೋಪಿನವರು ತಿನ್ನುವ ಸಕ್ಕರೆಗೆ ತೆತ್ತ ಬೆಲೆ ಯಾವುದೆಂದು ಅವನಿಂದಲೇ ಹೇಳಿಸುತ್ತಾನೆ ವಾಲ್ಟೇರ್. ಆ ಗಾಣಕ್ಕೂ ನಮ್ಮ ಗಾಣಕ್ಕೂ ಎಂಜಿನ್ ಬಂದದ್ದು ಬಿಟ್ಟರೆ ರೋಲರುಗಳ ನಡುವಿನ ಆ ಸಂದು ಬದಲಾಗಿಲ್ಲ.

ಬದಲಾಯಿಸಬೇಕಾದ್ದು ಕೈ ನಿಲ್ಲುವ ಜಾಗವನ್ನು. ಸಂದಿಗೆ ಮುಂಚೆ ಒಂದು ತೋಳುದ್ದದ ತಗಡಿನ ದೋಣಿ, ಕೈ ತೂರದಷ್ಟು ಗಿಡ್ಡ ಬಾಯಿ. ಕಬ್ಬಿನ ಕೊನೆಯ ಮೋಟನ್ನು ಕೈಯಿಂದ ತಳ್ಳದೆ ಮುಂದಿನ ಕಬ್ಬಿನಿಂದಲೇ ತಳ್ಳುವ ಅಭ್ಯಾಸ. ಕಬ್ಬು ಕೊಡುವವನ ಮೊಣಕಾಲಿಗೋ ಸೊಂಟಕ್ಕೋ ಒತ್ತುವಂತೆ ಅಡ್ಡಲಾಗಿ ಒಂದು ಪಟ್ಟಿ. ಕೈ ಸಿಕ್ಕಿದವನು ಮುಂದಕ್ಕೆ ವಾಲುತ್ತಾನಲ್ಲ, ಅವನ ಮೈಭಾರಕ್ಕೇ ಪಟ್ಟಿ ಒತ್ತಿ ಮೋಟರು ನಿಲ್ಲಬೇಕು. ಸ್ವಿಚ್ಚು ಆಲೆಮನೆಯ ಆ ಕಡೆ ಗೋಡೆಯಲ್ಲಿದ್ದು ಏನು ಬಂತು? ಒಂದು ಮಾತು: ಕೈ ಸಿಕ್ಕಿಕೊಂಡಾಗ ಗಾಬರಿಬಿದ್ದು ಗಾಣವನ್ನು ಉಲ್ಟಾ ತಿರುಗಿಸಬೇಡಿ, ಅದು ಗಾಯವನ್ನು ಎರಡನೇ ಸಲ ಅರೆಯುತ್ತದೆ. ನಿಲ್ಲಿಸಿ, ಬೋಲ್ಟ್ ಸಡಿಲಿಸಿ, ರೋಲರ್ ಎತ್ತಿ ಕೈ ಬಿಡಿಸಬೇಕು. ಆ ಬೋಲ್ಟಿಗೆ ಸರಿಹೊಂದುವ ಸ್ಪ್ಯಾನರ್ ಗಾಣದ ಪಕ್ಕದಲ್ಲೇ ಸದಾ ತೂಗುತ್ತಿರಬೇಕು.

ಕೊಳ್ಳೇಗಾಲದ ಹೆಸರು ಹೊರಗಿನವರಿಗೆ ಗೊತ್ತಿರುವುದು ರೇಷ್ಮೆಯಿಂದ. 1956ರವರೆಗೆ ಈ ತಾಲ್ಲೂಕು ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಆ ಪ್ರಾಂತ್ಯದ ರೇಷ್ಮೆ ಎಂದರೆ ಮುಖ್ಯವಾಗಿ ಕೊಳ್ಳೇಗಾಲವೇ. ರೇಷ್ಮೆ ನೂಲು ಬಿಚ್ಚುವಲ್ಲಿ ಕೈಗೆ ಆಗುವುದು ಬೇರೆ ತರಹದ ಹಾನಿ. ಕುದಿನೀರಿನಲ್ಲಿ ಬೇಯಿಸಿದ ಗೂಡಿನ ಎಳೆ ಹುಡುಕಲು ಬೆರಳಿಗೆ ಇರುವ ಸೂಕ್ಷ್ಮ ಬೇರೆ ಯಾವುದಕ್ಕೂ ಇಲ್ಲ, ಆದ್ದರಿಂದ ಕೈ ಮತ್ತೆ ಮತ್ತೆ ಬಿಸಿನೀರಿಗೆ ಹೋಗುತ್ತದೆ. ಚರ್ಮ ನೆಂದು ಬಿರಿಯುತ್ತದೆ. ಗೂಡಿನ ಅಂಟು, ಸತ್ತ ಹುಳುವಿನ ರಸ ಬಿರುಕಿನೊಳಗೆ ಇಳಿದು ಕೀವಾಗುತ್ತದೆ. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ರೇಷ್ಮೆ ಉದ್ಯಮದ ಮಕ್ಕಳ ಬಗ್ಗೆ ತಂದ ವರದಿಯಲ್ಲಿ ಕರ್ನಾಟಕದ ನೂಲು ಬಿಚ್ಚುವ ಕಾರ್ಖಾನೆಗಳ ಇಂಥ ಕೈಗಳ ವಿವರ ಇತ್ತು. ಇದಕ್ಕೆ ಗ್ಲೌಸ್ ಹಾಕಿಸುತ್ತೇವೆ ಎಂದವರು ಗೆಲ್ಲಲಿಲ್ಲ, ಗ್ಲೌಸಿನೊಳಗಿನ ಬೆರಳಿಗೆ ಎಳೆ ತಿಳಿಯುವುದಿಲ್ಲ. ಪ್ರಯೋಜನವಾದದ್ದು ಜಾಲರಿ ಸೌಟು, ಎಳೆ ಹಿಡಿಯುವ ಬ್ರಷ್, ಬೇಯಿಸುವ ಪಾತ್ರೆಯನ್ನೂ ನೂಲು ಬಿಚ್ಚುವ ತೊಟ್ಟಿಯನ್ನೂ ಬೇರೆ ಮಾಡಿ ತೊಟ್ಟಿಯ ನೀರನ್ನು ಉಗುರು ಬೆಚ್ಚಗೆ ಇಳಿಸಿದ ಹೊಸ ಬೇಸಿನ್ನುಗಳು.

ಗ್ಲೌಸಿನ ಮಾತು ಬಂದಾಗ ಇದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಕೈ ರಕ್ಷಣೆ ಅಂದಕೂಡಲೇ ದಾನಿಗಳು ಗ್ಲೌಸ್ ಹಂಚುತ್ತಾರೆ. ಕಲ್ಲು ಎತ್ತುವವರಿಗೆ, ತಗಡು ಹಿಡಿಯುವವರಿಗೆ, ಔಷಧಿ ಹೊಡೆಯುವವರಿಗೆ ಗ್ಲೌಸ್ ಬೇಕೇ ಬೇಕು. ತಿರುಗುವ ಯಂತ್ರದ ಮುಂದೆ ಮಾತ್ರ ಬೇಡ. ಡ್ರಿಲ್ಲಿಂಗ್ ಮಿಷನ್, ಲೇತ್, ಗಾಣ, ಮೇವಿನ ಮಿಷನ್ ಇವುಗಳಿಗೆ ಬರಿಗೈಯ ಚರ್ಮಕ್ಕಿಂತ ಗ್ಲೌಸಿನ ಬಟ್ಟೆಯೇ ಬೇಗ ಸಿಗುತ್ತದೆ, ಸಿಕ್ಕಿದ ಮೇಲೆ ಬೆರಳನ್ನೂ ಕರೆದುಕೊಂಡು ಹೋಗುತ್ತದೆ. ಉಂಗುರವೂ ಹಾಗೆಯೇ. ಲಾರಿಯಿಂದ ಕೆಳಕ್ಕೆ ಹಾರುವಾಗ ಉಂಗುರ ಕೊಕ್ಕೆಗೆ ಸಿಕ್ಕಿದರೆ ಬೆರಳ ಚರ್ಮವೆಲ್ಲ ಸುಲಿದು ಬರುವುದುಂಟು. ಬಳೆ, ಕೈಗಡಿಯಾರ, ಮಾದಪ್ಪನ ಬೆಟ್ಟದಲ್ಲಿ ಕಟ್ಟಿಸಿಕೊಂಡ ದಪ್ಪ ಕೈದಾರ, ಕೆಲಸದ ಹೊತ್ತಿಗೆ ಇವಕ್ಕೆ ಬೇರೆ ಜಾಗ ಹುಡುಕಬೇಕು. ಮಾದಪ್ಪ ಮುನಿಯಲಾರ. ಗಾಯವೇ ಕಾಣದ ಹಾನಿಯೂ ಇದೆ: ಕರಿಕಲ್ಲು ಗಣಿಗಳಲ್ಲಿ ಡ್ರಿಲ್ ಹಿಡಿಯುವವರಿಗೆ ವರ್ಷಗಟ್ಟಲೆ ಅದುರುವಿಕೆಯಿಂದ ಬೆರಳು ಬಿಳಿಚಿಕೊಂಡು ಜೋಮು ಹಿಡಿಯುವ ಕಾಯಿಲೆ ಬರುತ್ತದೆ. ಅದು ರಕ್ತ ಬರುವ ಗಾಯವಲ್ಲವಾದ್ದರಿಂದ ಯಾರ ಲೆಕ್ಕಕ್ಕೂ ಸೇರುವುದಿಲ್ಲ.

ಇಷ್ಟಾದರೂ ಬೆರಳು ತುಂಡಾಗಿ ಬಿದ್ದಿತೆನ್ನಿ. ಗಾಯದ ಮೇಲೆ ಕಾಫಿಪುಡಿ, ಅರಿಶಿನ, ಹೊಗೆಸೊಪ್ಪು ಮೆತ್ತಬಾರದು, ಡಾಕ್ಟರು ಅದನ್ನೆಲ್ಲ ತೊಳೆದು ತೆಗೆಯುವುದರಲ್ಲೇ ಹೊತ್ತು ಹೋಗುತ್ತದೆ. ಶುದ್ಧವಾದ ಬಟ್ಟೆ ಇಟ್ಟು ಗಟ್ಟಿಯಾಗಿ ಅದುಮಿ, ಕೈಯನ್ನು ಎದೆಗಿಂತ ಮೇಲಕ್ಕೆ ಹಿಡಿಯಬೇಕು. ಚರ್ಮದ ಎಳೆಯಲ್ಲಿ ನೇತಾಡುತ್ತಿರುವ ತುಂಡನ್ನು ಕತ್ತರಿಸಬಾರದು. ಪೂರ್ತಿ ಬೇರ್ಪಟ್ಟ ತುಂಡನ್ನು ಹುಡುಕಿ, ಶುದ್ಧ ನೀರಿನಲ್ಲಿ ಮೆಲ್ಲಗೆ ತೊಳೆದು, ಒದ್ದೆ ಮಾಡಿ ಹಿಂಡಿದ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಕಟ್ಟಬೇಕು. ಆ ಕವರನ್ನು ಐಸ್ ಬೆರೆಸಿದ ನೀರಿರುವ ಇನ್ನೊಂದು ಕವರಿನಲ್ಲೋ ಡಬ್ಬಿಯಲ್ಲೋ ಇಡಬೇಕು. ಬೆರಳನ್ನು ನೇರ ಐಸಿನ ಮೇಲಿಟ್ಟರೆ ಅದು ಸುಟ್ಟಂತಾಗಿ ಕೆಟ್ಟುಹೋಗುತ್ತದೆ. ಐಸಿಗೆ ಎಲ್ಲಿ ಹೋಗುವುದು? ಪೇಟೆಬೀದಿಯ ಜ್ಯೂಸ್ ಅಂಗಡಿ, ಮೀನಿನ ಅಂಗಡಿ. ಹೀಗೆ ತಂಪಾಗಿಟ್ಟ ಬೆರಳಿಗೆ ಸುಮಾರು 24 ಗಂಟೆ ಅವಕಾಶವಿದೆ, ತಂಪಿಲ್ಲದಿದ್ದರೆ ಅದರ ಅರ್ಧ. ಮಾಂಸಖಂಡ ಹೆಚ್ಚಿರುವ ಅಂಗೈ, ಮುಂಗೈ ಹೋದರೆ ತಂಪಿಲ್ಲದೆ ಆರು ಗಂಟೆ ಮಾತ್ರ. ಬೇರ್ಪಟ್ಟ ಹೆಬ್ಬೆರಳನ್ನು ಸೂಕ್ಷ್ಮದರ್ಶಕದಡಿ ಜೋಡಿಸುವುದು ಮೊದಲು ಕೈಗೂಡಿದ್ದು 1965ರಲ್ಲಿ, ಜಪಾನಿನ ಕೊಮಾತ್ಸು ಮತ್ತು ತಮಾಯ್ ಎಂಬ ವೈದ್ಯರಿಗೆ. ಅಲಗಿನಲ್ಲಿ ನೀಟಾಗಿ ಕತ್ತರಿಸಿದ ಬೆರಳು ಕೂಡುವ ಸಂಭವ ಹೆಚ್ಚು. ಗಾಣದಲ್ಲಿ ಅರೆದುಹೋದದ್ದಕ್ಕೆ ಆಸೆ ಕಡಿಮೆ. ಅದನ್ನು ತೀರ್ಮಾನಿಸುವವರು ಡಾಕ್ಟರು, ತುಂಡು ಒಯ್ಯುವುದನ್ನು ನಾವೇ ಬಿಡಬಾರದು.

ಮಾರ್ಟಳ್ಳಿಯಿಂದ ಮೈಸೂರಿಗೆ ನೂರು ಕಿಲೋಮೀಟರ್ ದಾಟುತ್ತದೆ. ಆ ದೂರ ಏನೆಂದು ಈ ಸೀಮೆಗೆ ಚೆನ್ನಾಗಿ ಗೊತ್ತು. 2018ರ ಡಿಸೆಂಬರ್ 14ರಂದು ಪಕ್ಕದ ಸುಳ್ವಾಡಿಯಲ್ಲಿ ಪ್ರಸಾದಕ್ಕೆ ವಿಷ ಬೆರೆತು 17 ಜನ ತೀರಿಕೊಂಡಾಗ ಕಾಮಗೆರೆ, ಕೊಳ್ಳೇಗಾಲ ದಾಟಿ ಮೈಸೂರಿನವರೆಗೆ ಆಂಬುಲೆನ್ಸುಗಳು ಓಡಿದವು. ಕೈಯ ವಿಷಯದಲ್ಲಿ ಇನ್ನೊಂದು ದಿಕ್ಕೂ ನೆನಪಿರಲಿ. ಗರಿಕೆಕಂಡಿ, ಬರಗೂರು ದಾಟಿ ಇಳಿದರೆ ತಮಿಳುನಾಡು. ಬೇರ್ಪಟ್ಟ ಕೈ, ಬೆರಳು ಜೋಡಿಸುವುದರಲ್ಲಿ ದೇಶಕ್ಕೇ ಹೆಸರಾದ ಗಂಗಾ ಆಸ್ಪತ್ರೆ ಇರುವುದು ಕೊಯಮತ್ತೂರಿನಲ್ಲಿ. ಹೊರಡುವ ಮುಂಚೆ ಎಲ್ಲಿ ಈಗಲೇ ಶಸ್ತ್ರಚಿಕಿತ್ಸೆ ಆಗುತ್ತದೆ ಎಂದು ಫೋನಿನಲ್ಲಿ ಕೇಳಿ ತಿಳಿದರೆ ಎರಡು ಊರು ಅಲೆಯುವುದು ತಪ್ಪುತ್ತದೆ.

ಕೊನೆಗೆ ದುಡ್ಡಿನ ಮಾತು. ಕಾರ್ಖಾನೆ ಕಾನೂನು ಹತ್ತು ಜನ ಕೆಲಸಗಾರರು ಮತ್ತು ವಿದ್ಯುತ್ ಇದ್ದಲ್ಲಿ ಅನ್ವಯ ಎಂದಿತ್ತು, 2020ರ ಕಾರ್ಮಿಕ ಸಂಹಿತೆ ಅದನ್ನು 20ಕ್ಕೆ ಏರಿಸಿತು. ಜೋಳದ ಮಿಷನ್ನಿಗೂ ಬಹುತೇಕ ಆಲೆಮನೆಗಳಿಗೂ ಇನ್‌ಸ್ಪೆಕ್ಟರ್ ಬರುವ ಪ್ರಶ್ನೆಯೇ ಇಲ್ಲ. ಆದರೆ ಪರಿಹಾರದ ಕಾನೂನು ಬೇರೆ. 2025ರ ನವೆಂಬರಿನಲ್ಲಿ ಹೊಸ ಸಂಹಿತೆಯೊಳಗೆ ಸೇರಿದ 1923ರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಟ್ರ್ಯಾಕ್ಟರ್ ಅಥವಾ ಯಾಂತ್ರಿಕ ಶಕ್ತಿಯಿಂದ ನಡೆಯುವ ಸಾಧನಗಳಿಂದ ಬೇಸಾಯ ಮಾಡುವ ಕೆಲಸಕ್ಕೆ ಇಟ್ಟುಕೊಂಡವರೂ ಇದ್ದರು. ಕೂಲಿಯಾಳಿಗೆ ಇದು ಗೊತ್ತಿಲ್ಲ, ಗೊತ್ತಿರುವವರು ಹೇಳುವುದಿಲ್ಲ. ಅದೇ ಕಾಯ್ದೆ ಬೆರಳಿಗೆ ಬೆಲೆ ಕಟ್ಟಿತ್ತು: ಹೆಬ್ಬೆರಳು ಪೂರ್ತಿ ಹೋದರೆ ಶೇ 30ರಷ್ಟು ದುಡಿಮೆ ನಷ್ಟ, ತೋರುಬೆರಳಿಗೆ 14, ನಡುಬೆರಳಿಗೆ 12, ಉಂಗುರ ಬೆರಳು ಮತ್ತು ಕಿರುಬೆರಳಿಗೆ ತಲಾ 7. ಒಂದು ಕೈಗೆ 60. ಕುಡುಗೋಲು, ಗುದ್ದಲಿ ಹಿಡಿದವರು ಕಿರುಬೆರಳಿನ ಲೆಕ್ಕ ಒಪ್ಪಲಾರರು, ಹಿಡಿಯ ಬಿಗಿ ಇರುವುದೇ ಆ ಮಗ್ಗುಲಿನಲ್ಲಿ. ತಿಂಗಳಿಗೆ 10,000 ರೂಪಾಯಿ ದುಡಿಯುವ 40 ವರ್ಷದವನಿಗೆ ಹೆಬ್ಬೆರಳು ಹೋದರೆ ಈ ಕಾಯ್ದೆಯ ಸೂತ್ರದಲ್ಲಿ ಬರುತ್ತಿದ್ದದ್ದು 3,31,506 ರೂಪಾಯಿ. ಮಿಷನ್ ಮಾಲೀಕ ಆಸ್ಪತ್ರೆ ಖರ್ಚಿಗೆಂದು ಕೈಗಿಡುವ ಹಣದ ಪಕ್ಕದಲ್ಲಿ ಈ ಅಂಕಿಯನ್ನು ಇಟ್ಟು ನೋಡಬಹುದು.

ಈ ಹಕ್ಕು ಕೈತಪ್ಪುವುದು ಬಹಳ ಸಲ ಕೋರ್ಟಿನಲ್ಲಿ ಅಲ್ಲ, ಮೊದಲು ಹೋದ ಆಸ್ಪತ್ರೆಯ ಚೀಟಿಯಲ್ಲಿ. ಪೊಲೀಸು, ಕೇಸು ಯಾಕೆ ಎಂದು ಜೊತೆಗೆ ಬಂದವರು "ಮನೇಲಿ ಬಿದ್ದು ಪೆಟ್ಟಾಯ್ತು" ಎಂದು ಬರೆಸಿಬಿಡುತ್ತಾರೆ. ಆಮೇಲೆ ಯಾವ ವಕೀಲರು ಬಂದರೂ ಆ ಸಾಲನ್ನು ಅಳಿಸುವುದು ಕಷ್ಟ. ಯಾವ ಮಿಷನ್, ಯಾರ ಹೊಲ, ಎಷ್ಟು ಗಂಟೆಗೆ, ಏನು ಮಾಡುತ್ತಿದ್ದಾಗ ಎಂದು ನಡೆದದ್ದನ್ನು ನಡೆದಂತೆ ಬರೆಸಬೇಕು. ಸಾಧ್ಯವಾದರೆ ಮಿಷನ್ನಿನ ಫೋಟೊ ಒಂದನ್ನು ಅದೇ ದಿನ ತೆಗೆದಿಡಬೇಕು, ಮರುದಿನಕ್ಕೆ ಗೋಡೆಗೆ ಒರಗಿದ್ದ ಮುಚ್ಚಳ ಮೇಲೇರಿರುತ್ತದೆ. ದಾವೆ ಹೂಡಲು ದುಡ್ಡಿಲ್ಲದವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿ ಕೊಳ್ಳೇಗಾಲದ ಕೋರ್ಟಿನಲ್ಲೇ ಇದೆ, ಅಲ್ಲಿ ಸಲಹೆಗೆ ಫೀಸಿಲ್ಲ.